ಮರಿ ಬಿಟ್ಟ ಕೆರೆಯಲ್ಲಿ ನನ್ನ ಗಾಳ

ನಾನು ಅಂಕೋಲಾ ಕಡೆಯವನು. ಗಂಗಾವಳಿ ಅಳಿವೆಯಲ್ಲಿ ಗಾಳಕ್ಕೆ ಶೆಟ್ಲಿ (ಸಿಗಡಿ) ಸಿಕ್ಕಿಸಿ ನೊಗಲಿ ಮೀನು ಹಿಡಿಯುತ್ತ ಬೆಳೆದವನು. ಕೆಲಸಕ್ಕೆ ಶಿರಸಿಗೆ ಬಂದ ಮೇಲೆ ಬನವಾಸಿ ದಾರಿಯ ಒಂದು ಕೆರೆ ಕಣ್ಣಿಗೆ ಬಿತ್ತು. ಹೂಳೆತ್ತಿ, ಹಿಂದಿನ ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಸಿಹಿನೀರಿನ ಮೀನುಗಳ ಮರಿ ಬಿಟ್ಟಿದ್ದರು. ಗುತ್ತಿಗೆ ಹಿಡಿದವರನ್ನು ಕೇಳಿದೆ. ಭಾನುವಾರ ಒಂದು ಗಾಳ ಹಾಕಿಕೊಳ್ಳಿ, ಬಲೆ ಮಾತ್ರ ಬೇಡ ಅಂದರು.

ಎರಡು ಭಾನುವಾರ ಬರಿಗೈ. ಬೆಳಿಗ್ಗೆ ಹಾಕಿದ ಶೆಟ್ಲಿ ಮಧ್ಯಾಹ್ನವೂ ಹಾಗೇ ಇತ್ತು. ಕೆರೆ ಕಾಯುವ ಅಜ್ಜ ನೋಡಿ, "ತಮಾ, ಇವು ಕಡಲ ಮೀನಲ್ಲ. ತೌಡು, ಹಿಂಡಿ ತಿಂದು ಬೆಳೆದವು" ಅಂದರು.

ಮುಂದಿನ ವಾರ ಶೇಂಗಾ ಹಿಂಡಿ ನೆನೆಸಿ, ಅಕ್ಕಿ ತೌಡು, ಒಂದು ಹಿಡಿ ಗೋಧಿ ಹಿಟ್ಟು ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದೆ. ಮೆತ್ತಗಾದರೆ ನೀರಿಗೆ ಬೀಳುವಾಗಲೇ ಉದುರಿ ಹೋಗುತ್ತದೆ. ನಾಲ್ಕು ಉಂಡೆ ಒಂದೇ ಜಾಗಕ್ಕೆ ಎಸೆದು ಅರ್ಧ ಗಂಟೆ ಸುಮ್ನೆ ಕೂತೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಗಾಳದ ದಾರಕ್ಕೆ ಬೆಂಡನ್ನು (ನೀರ ಮೇಲೆ ತೇಲುವ ತುಂಡು) ಎಷ್ಟು ಎತ್ತರಕ್ಕೆ ಕಟ್ಟುತ್ತೀರಿ ಅನ್ನುವುದರ ಮೇಲೆ ಯಾವ ಮೀನು ಅನ್ನುವುದು ನಿಂತಿದೆ. ನಾನು ನಡುನೀರಿಗೆ ಕಟ್ಟಿದೆ.

ಬೆಂಡು ಸಣ್ಣಗೆ ನಡುಗಿತು. ಅಳಿವೆಯ ಅಭ್ಯಾಸ, ತಟ್ಟನೆ ಎಳೆದೆ. ಖಾಲಿ ಗಾಳ ಬಂತು. ರೋಹು ಮೊದಲು ತುಟಿಯಲ್ಲೇ ಹಿಟ್ಟು ಮುಟ್ಟಿ ನೋಡುತ್ತದೆ, ಅವಸರ ಮಾಡುವುದಿಲ್ಲ. ಎರಡನೇ ಸಲ ಬೆಂಡು ಓರೆಯಾಗಿ ಜಾರಿ, ಮೆಲ್ಲಗೆ ಮುಳುಗುವವರೆಗೂ ಕಾದೆ. ಆಮೇಲೆ ಮಣಿಕಟ್ಟು ಮಾತ್ರ ಎತ್ತಿದೆ. ಕೈಗೆ ಭಾರ ಸಿಕ್ಕಿತು!

ದಡಕ್ಕೆ ಬಂದದ್ದು ಗೇಣುದ್ದದ ರೋಹು. ಅಂಚು ನೆರಿಗೆಯಾದ ತುಟಿ, ಕೆಂಪು ರೆಕ್ಕೆ. ಕೈ ಒದ್ದೆ ಮಾಡಿಕೊಂಡೇ ಹಿಡಿದೆ, ಒಣಗೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಮೀನಿಗೆ ರೋಗ ತಗಲುತ್ತದೆ. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಇಟ್ಟಿದ್ದೆ, ಸುಲಭವಾಗಿ ಬಿಚ್ಚಿತು. ನೀರಿಗೆ ಬಿಟ್ಟೆ.

ಇದನ್ನು ಒತ್ತಿ ಹೇಳಬೇಕು. ಈ ಮೂರೂ ಜಾತಿ ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುತ್ತವೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. ಸಣ್ಣದನ್ನು ಮನೆಗೆ ಒಯ್ದರೆ ಅದರ ಜಾಗಕ್ಕೆ ಇನ್ನೊಂದು ಬರುವುದು ಮತ್ತೆ ಯಾರಾದರೂ ಮರಿ ತಂದು ಬಿಟ್ಟಾಗಲೇ. ಆರೆಂಟು ತಿಂಗಳು ಬಿಟ್ಟರೆ ಅದೇ ಮೀನು ಕಿಲೋ ಹತ್ತಿರ ಬೆಳೆಯುತ್ತದೆ.

ಮೇ ತಿಂಗಳಲ್ಲಿ ಒಂದು ಕಾಟ್ಲಾ ಬಂತು, ಕಿಲೋಗಿಂತ ಸ್ವಲ್ಪ ಜಾಸ್ತಿ. ಅರ್ಧ ಅಜ್ಜನ ಮನೆಗೆ ಕೊಟ್ಟೆ. ಉಳಿದರ್ಧಕ್ಕೆ ಆಯಿ ಊರಿಂದ ಕಳಿಸಿದ್ದ ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಹಾಕಿ ಸಾರು ಮಾಡಿದೆವು.