ಸಾಕರ್ ಟ್ರೈಔಟ್‌ಗೆ ಮುಂಚೆ ಮಗುವಿನ ತಿಂಗಳು ಎಣಿಸಿ

ಯುಗಾದಿ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೂ ಹೊಸಬರು ನನ್ನನ್ನು ಹಿಡಿದುಕೊಳ್ಳುತ್ತಾರೆ. "ನಮ್ಮ ಮಗ ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಟೀಮಿಗೆ ಕ್ಯಾಪ್ಟನ್ ಆಗಿದ್ದ. ಇಲ್ಲಿ ಟ್ರೈಔಟ್‌ನಲ್ಲಿ ತಗೊಳ್ಳಲೇ ಇಲ್ವಲ್ಲ?" ಟ್ರೈಔಟ್ ಅಂದರೆ ಮಕ್ಕಳನ್ನು ಆಡಿಸಿ ನೋಡಿ ಟೀಮಿಗೆ ಆರಿಸುವುದು. ನಾನು ಮೊದಲು ಕೇಳುವುದು ಒಂದೇ: ಹುಟ್ಟಿದ್ದು ಯಾವ ತಿಂಗಳು? ಜಾತಕ ನೋಡುತ್ತೇನೆ ಅಂದುಕೊಂಡು ಒಬ್ಬರು ನಕ್ಷತ್ರ, ಪಾದ ಕೂಡ ಹೇಳಿದರು. ಅದು ಬೇಡ, ತಿಂಗಳು ಸಾಕು.

ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಇಲ್ಲಿ ಮಕ್ಕಳ ಸಾಕರ್‌ಗೆ, ಅಂದರೆ ನಮ್ಮ ಫುಟ್‌ಬಾಲ್‌ಗೆ, ಹುಟ್ಟಿದ ದಿನವೇ ಲೆಕ್ಕ, ಶಾಲೆಯ ಕ್ಲಾಸು ನೋಡುವುದಿಲ್ಲ. ಯು-9, ಯು-10 (ಅಂಡರ್-9, ಅಂಡರ್-10) ಅಂತ ಗುಂಪುಗಳು. ಒಂದೊಂದರಲ್ಲೂ ಹನ್ನೆರಡು ತಿಂಗಳ ಅವಧಿಯಲ್ಲಿ ಹುಟ್ಟಿದ ಮಕ್ಕಳು. ಆ ಹನ್ನೆರಡು ತಿಂಗಳು ಯಾವತ್ತು ಶುರು ಅನ್ನುವುದೇ ಕಟಾಫ್.

ಈ ಕಟಾಫ್ ಒಂದು ಕಡೆ ನಿಂತಿಲ್ಲ. ಮುಂಚೆ ಆಗಸ್ಟ್ 1ರಿಂದ ಜುಲೈ 31 ಇತ್ತು. 2015ರಲ್ಲಿ ದೇಶದ ಸಾಕರ್ ನೋಡಿಕೊಳ್ಳುವ ಯುಎಸ್ ಸಾಕರ್ ಫೆಡರೇಷನ್ ಇದನ್ನು ಜನವರಿಯಿಂದ ಡಿಸೆಂಬರ್‌ಗೆ ಬದಲಿಸುವುದಾಗಿ ಹೇಳಿತು. ಫಿಫಾದ ಅಂಡರ್-17 ವಿಶ್ವಕಪ್ಪಿಗೂ ಇಸವಿಯೇ ಲೆಕ್ಕ, ಅದಕ್ಕೆ ಹೊಂದಲಿ ಅಂತ. ಒಂದೇ ಕ್ಲಾಸಿನ ಗೆಳೆಯರು ಬೇರೆ ಬೇರೆ ಟೀಮಾದರು. ವರ್ಷಗಟ್ಟಲೆ ಅಪ್ಪ ಅಮ್ಮಂದಿರು ಗೊಣಗಿದರು. ಕೊನೆಗೆ 2024ರ ನವೆಂಬರ್‌ನಲ್ಲಿ ಫೆಡರೇಷನ್ ತೀರ್ಮಾನವನ್ನು ಮಕ್ಕಳ ಆಟ ನಡೆಸುವ ಕೆಳಗಿನ ಸಂಸ್ಥೆಗಳಿಗೇ ಬಿಟ್ಟಿತು. ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್, ಎವೈಎಸ್‌ಒ ಮೂರೂ 2026-27ರ ಸೀಸನ್ನಿಗೆ ಮತ್ತೆ ಆಗಸ್ಟ್ 1ಕ್ಕೆ ವಾಪಸ್. ಆ ಸೀಸನ್ನಿನ ಯು-10 ಅಂದರೆ 2016ರ ಆಗಸ್ಟ್ 1ರಿಂದ 2017ರ ಜುಲೈ 31ರ ನಡುವೆ ಹುಟ್ಟಿದವರು. ನಿಮ್ಮ ಮಗುವಿನದು ಇದರಿಂದ ಹಿಂದೆ ಮುಂದೆ ಎಣಿಸಿಕೊಳ್ಳಿ.

ನನ್ನ ಮಗಳು ಹುಟ್ಟಿದ್ದು 2014ರ ನವೆಂಬರ್‌ನಲ್ಲಿ. ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ 5 ತುಂಬಿದ್ದರೆ ಕಿಂಡರ್‌ಗಾರ್ಟನ್. ನವೆಂಬರ್‌ನವಳಾದ್ದರಿಂದ ಅವಳು ಮುಂದಿನ ವರ್ಷ ಸೇರಿದಳು, ಹಾಗಾಗಿ ಕ್ಲಾಸಿನಲ್ಲಿ ದೊಡ್ಡವರ ಸಾಲಿನಲ್ಲಿದ್ದಳು. ಸಾಕರ್‌ನಲ್ಲಿ ಉಲ್ಟಾ. ಇಸವಿ ಲೆಕ್ಕದಲ್ಲಿ 2014ರ ಮಕ್ಕಳ ಜೊತೆ ಸೇರಿ ತೀರಾ ಚಿಕ್ಕವರ ಸಾಲಿಗೆ ಬಂದಳು. 2022ರಲ್ಲಿ ಯು-9 ಟ್ರೈಔಟ್‌ಗೆ ಹೋದಾಗ ಅವಳಿಗೆ ಏಳೂವರೆ. ಪಕ್ಕದಲ್ಲಿ ನಿಂತ ಜನವರಿ ಹುಡುಗಿಗೆ ಎಂಟು ದಾಟಿ ನಾಲ್ಕು ತಿಂಗಳು. ಹತ್ತು ತಿಂಗಳು ನಮಗೆ ಏನೂ ಅಲ್ಲ. ಆ ವಯಸ್ಸಿನಲ್ಲಿ ಅದು ಎರಡು ಮೂರು ಬೆರಳು ಎತ್ತರ, ಎರಡು ಹೆಜ್ಜೆ ವೇಗ. ಅವಳ ಹೆಸರು ಕೊನೆಯ ಟೀಮಿನಲ್ಲಿ ಬಂತು. ಕಾರಿನಲ್ಲಿ ಕೂತು "ನಂಗೆ ಆಡಕ್ಕೆ ಬರಲ್ವಾ ಅಪ್ಪ?" ಅಂದಳು. ನಾನೂ ಆವತ್ತು "ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡಬೇಕು" ಅಂದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಾನು ಹೇಳಬೇಕಾಗಿದ್ದದ್ದು "ನೀನು ಚಿಕ್ಕವಳು ಕಣೇ" ಅಂತ.

ಇದರ ಕಷ್ಟ ಒಂದು ದಿನಕ್ಕೆ ಮುಗಿಯುವುದಿಲ್ಲ. ದೊಡ್ಡ ಮಗು ಎ ಟೀಮಿಗೆ ಹೋಗುತ್ತದೆ. ಅಲ್ಲಿ ಒಳ್ಳೆಯ ಕೋಚ್, ಗಟ್ಟಿ ಎದುರಾಳಿ, ಜಾಸ್ತಿ ಆಟ. ಮುಂದಿನ ವರ್ಷ ಅದು ನಿಜಕ್ಕೂ ಚೆನ್ನಾಗಿ ಆಡುತ್ತದೆ. ಆಗ ಎಲ್ಲರೂ "ನೋಡಿ, ಟ್ಯಾಲೆಂಟ್" ಅನ್ನುತ್ತಾರೆ. 1985ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಮತ್ತು ಜೊತೆಗಾರರು ಐಸ್ ಹಾಕಿಯಲ್ಲಿ ಇದನ್ನೇ ತೋರಿಸಿದ್ದರು. ಅಲ್ಲಿ ಕಟಾಫ್ ಜನವರಿ 1. ದೊಡ್ಡ ಲೀಗುಗಳ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ.

ಹಾಗಾದರೆ ಆಗಸ್ಟ್ 1 ಬಂದರೆ ಎಲ್ಲ ಸರಿಹೋಯಿತಾ? ಇಲ್ಲ. ನವೆಂಬರ್ ಮಕ್ಕಳ ಪಾಡು ಇನ್ನು ಜೂನ್, ಜುಲೈ ಮಕ್ಕಳಿಗೆ. ನಿಮ್ಮ ಮಗು ಆ ತಿಂಗಳಿನದಾದರೆ ಟ್ರೈಔಟ್ ಫಲಿತಾಂಶವನ್ನೇ ಪೂರ್ತಿ ನಂಬಬೇಡಿ. ಆದರೆ ಕ್ಲಾಸ್‌ಮೇಟುಗಳು ಒಂದೇ ಟೀಮಿನಲ್ಲಿರುತ್ತಾರೆ, ಅದು ದೊಡ್ಡ ಲಾಭ. ಮುಂಚೆ ಎಂಟನೇ ಕ್ಲಾಸಿನ ಅಕ್ಟೋಬರ್ ಮಗುವಿನ ಕ್ಲಬ್ ಜೊತೆಗಾರರೆಲ್ಲ ಒಂಬತ್ತಕ್ಕೆ ಹೋಗಿ ಹೈಸ್ಕೂಲ್ ಟೀಮ್ ಸೇರುತ್ತಿದ್ದರು. ಸೀಸನ್ ಅರ್ಧದಲ್ಲಿ ಈ ಮಗುವಿಗೆ ಟೀಮೇ ಇರುತ್ತಿರಲಿಲ್ಲ. ಇಲ್ಲಿ ಇಂಥವರಿಗೆ "ಟ್ರ್ಯಾಪ್ಡ್ ಪ್ಲೇಯರ್" ಅನ್ನುತ್ತಾರೆ. ಆ ತಾಪತ್ರಯ ಬಹುಪಾಲು ತಪ್ಪುತ್ತದೆ.

ಆಗಸ್ಟ್ ಮಕ್ಕಳದು ಮಾತ್ರ ಇನ್ನೂ ಎಡವಟ್ಟು. ಶಾಲೆಗೆ ಸೆಪ್ಟೆಂಬರ್ 1, ಸಾಕರ್‌ಗೆ ಆಗಸ್ಟ್ 1. ಆ ಒಂದು ತಿಂಗಳ ಮಕ್ಕಳು ಕ್ಲಾಸಿನಲ್ಲಿ ತೀರಾ ಚಿಕ್ಕವರು, ಸಾಕರ್‌ನಲ್ಲಿ ಕೆಳಗಿನ ಕ್ಲಾಸಿನವರ ಜೊತೆ ತೀರಾ ದೊಡ್ಡವರು.

ಬದಲಾಗುವ ವರ್ಷದಲ್ಲಿ ಇನ್ನೊಂದು ತಮಾಷೆ ಇದೆ. ನನ್ನ ಮಗಳು 2025-26ರಲ್ಲಿ ಯು-12, 2026-27ರಲ್ಲೂ ಯು-12. ಯು-13ಕ್ಕೆ ಹೋಗಿದ್ದರೆ ದೊಡ್ಡ ಮೈದಾನದಲ್ಲಿ ಹನ್ನೊಂದು ಮಂದಿಯ ಆಟ. ಈಗ ಇನ್ನೊಂದು ವರ್ಷ ಒಂಬತ್ತು ಮಂದಿಯ ಆಟವೇ. "ಫೇಲ್ ಆದ್ಲಾ?" ಅಂತ ಊರಿಂದ ಅವಳ ಅಜ್ಜಿ ಕೇಳಿದರು.

ಆ ಪ್ರಶ್ನೆ ನಮ್ಮವರ ರಕ್ತದಲ್ಲೇ ಇದೆ. ನಮ್ಮ ಕಾಲದಲ್ಲಿ ಮಗು ಒಂದು ವರ್ಷ ಮುಂದಿದ್ದರೆ ಹೆಮ್ಮೆ. ಶಾಲೆಗೆ ಬೇಗ ಸೇರಿಸಲು ಹುಟ್ಟಿದ ದಿನವನ್ನೇ ಹಿಂದಕ್ಕೆ ಬರೆಸಿದ ಮನೆಗಳು ಎಷ್ಟಿಲ್ಲ? ಮೇಷ್ಟ್ರು ಬರೆದ ಜೂನ್ 1 ಎಷ್ಟು ಜನರ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಕೂತಿದೆ! ಅದೇ ಚಾಳಿಯಲ್ಲಿ ಇಲ್ಲಿ "ಪ್ಲೇ ಅಪ್ ಮಾಡಿಸಿ" ಅಂತ ಕೋಚ್ ಹಿಂದೆ ಬೀಳುತ್ತೇವೆ. ಅಂದರೆ ಮೇಲಿನ ವಯಸ್ಸಿನ ಗುಂಪಿನಲ್ಲಿ ಆಡುವುದು. ಮೇಲೆ ಆಡಲು ಕ್ಲಬ್ ಒಪ್ಪಬಹುದು, ಕೆಳಗೆ ಆಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಆಗಸ್ಟ್ ಮಗು ತನ್ನ ಕ್ಲಾಸಿನವರ ಜೊತೆ ಆಡಲು ಕೇಳಿದರೆ ಸರಿ. ಸುಮ್ನೆ ಪ್ರತಿಷ್ಠೆಗೆ ಬೇಡ. ಮೇಲಿನ ಟೀಮಿನ ಬೆಂಚಿನಲ್ಲಿ ಕೂತು ಯಾರೂ ಆಟ ಕಲಿತಿಲ್ಲ.

ಹೊಸದಾಗಿ ಬಂದವರು ಮೊದಲ ವರ್ಷ ರೆಕ್ ಲೀಗಿಗೆ, ಅಂದರೆ ಖುಷಿಗಾಗಿ ಆಡುವ ಲೀಗಿಗೆ, ಹಾಕಿ ಅನ್ನುವುದು ನನ್ನ ಮಾತು. ಟ್ರೈಔಟ್ ಮಾಡಿ ಆರಿಸುವ ಕ್ಲಬ್‌ಗೆ ಹೋಲಿಸಿದರೆ ಖರ್ಚು ಎಷ್ಟೋ ಕಡಿಮೆ. ಎವೈಎಸ್‌ಒದಂಥ ಕಡೆ ಟ್ರೈಔಟ್ ಇಲ್ಲದೆ ಎಲ್ಲರನ್ನೂ ಆಡಿಸುವುದೇ ನಿಯಮ. ಮಗುವಿಗೆ ಚೆಂಡು ಸಿಗುತ್ತದೆ, ಗೆಳೆಯರೂ ಸಿಗುತ್ತಾರೆ. ಕ್ಲಬ್ ಎಲ್ಲಿಗೂ ಓಡಿಹೋಗುವುದಿಲ್ಲ.

ಕ್ಲಬ್ಬೇ ಬೇಕೆಂದರೆ ಮಗುವಿನ ಪಾಸ್‌ಪೋರ್ಟ್ ಅಥವಾ ಬರ್ತ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಬೇರೆ ದೇಶದಿಂದ ಬಂದ, 10 ತುಂಬಿದ ಮಗುವಾದರೆ ಫಿಫಾ ನಿಯಮದ ಪ್ರಕಾರ ಅಂತರರಾಷ್ಟ್ರೀಯ ಕ್ಲಿಯರೆನ್ಸ್, ಅಂದರೆ ಇಲ್ಲಿ ಆಡಲು ಅನುಮತಿ, ಕೇಳಬಹುದು. ಅದಕ್ಕೆ ಸಮಯ ಹಿಡಿಯುತ್ತದೆ. ಮೊದಲ ಮ್ಯಾಚಿನ ಹಿಂದಿನ ವಾರ ಎಚ್ಚರಾಗಬೇಡಿ. ಕ್ಲಬ್ಬಿನಲ್ಲಿ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಹತ್ತಿರ ಸೇರುವ ದಿನವೇ ಕೇಳಿಬಿಡಿ.

ಫಾರ್ಮ್ ತುಂಬುವಾಗ ಇನ್ನೊಂದು. ನಾವು ದಿನ ಮೊದಲು ಬರೆಯುತ್ತೇವೆ, ಇಲ್ಲಿ ತಿಂಗಳು ಮೊದಲು. ಗೆಳೆಯರೊಬ್ಬರ ಮಗ 2017ರ ಮಾರ್ಚ್ 8ರವನು. ಅವರು ರೂಢಿಯಂತೆ 08/03/2017 ಅಂತ ಒತ್ತಿದರು. ಕಂಪ್ಯೂಟರ್‌ಗೆ ಅದು ಆಗಸ್ಟ್ 3. ಇಸವಿ ಲೆಕ್ಕವಿದ್ದಾಗ ಈ ತಪ್ಪಿನಿಂದ ಗುಂಪು ಬದಲಾಗುತ್ತಿರಲಿಲ್ಲ. ಈಗ ಯು-10ರ ಹುಡುಗ ಯು-9ಕ್ಕೆ ಬಿದ್ದ. ಪಾಸ್‌ಪೋರ್ಟ್ ನೋಡಿದ ರಿಜಿಸ್ಟ್ರಾರ್ ಫೋನ್ ಮಾಡಿ, ವಯಸ್ಸು ಮುಚ್ಚಿಟ್ಟಿದ್ದೀರಾ ಅನ್ನುವ ಧಾಟಿಯಲ್ಲಿ ಕೇಳಿದಾಗ ಪಾಪ, ಅವರಿಗೆ ಬೆವರೇ ಇಳಿಯಿತು. ಸಬ್ಮಿಟ್ ಒತ್ತುವ ಮುಂಚೆ ಮೇಲೆ ಯಾವ ಗುಂಪು ತೋರಿಸುತ್ತಿದೆ ಅಂತ ಒಮ್ಮೆ ನೋಡಿಕೊಳ್ಳಿ.