ಪಫ್ ಪ್ಯಾನೆಲ್ ಛಾವಣಿ ಸ್ಕ್ರೂ ಬಳಿ ಸೋರುತ್ತಿದ್ದದ್ದು ನಿಂತಿದ್ದು ಹೀಗೆ

50 ಮಿಮೀ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಹೊದಿಸಿದ ಶೆಡ್ಡು. ಮಳೆ ಜೋರಾದಾಗಲೆಲ್ಲ ಪರ್ಲಿನ್ (ಛಾವಣಿ ಹೊರುವ ಅಡ್ಡ ಕಬ್ಬಿಣ) ಸಾಲಿನುದ್ದಕ್ಕೂ ಹನಿ. ಪ್ಯಾನೆಲ್ ಕೂಡುವಲ್ಲಿ ಸಿಲಿಕೋನ್ ಬಳಿದರೂ ನಿಲ್ಲಲಿಲ್ಲ, ಏಕೆಂದರೆ ನೀರು ಇಳಿಯುತ್ತಿದ್ದದ್ದು ಸ್ಕ್ರೂ ತೂತಿನಿಂದ.

ಒಂದು ಸ್ಕ್ರೂ ಹತ್ತಿರದಿಂದ ನೋಡಿದರೆ ಸಾಕು. ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರಿನಲ್ಲಿ ವಿಪರೀತ ಬಿಗಿದು, ತಲೆಯಡಿಯ ಇಪಿಡಿಎಂ (ರಬ್ಬರು) ವಾಷರ್ ಅಂಚಿನಾಚೆ ಹಿಂಡಿಹೋಗಿತ್ತು, ಅಲ್ಲಲ್ಲಿ ಸೀಳಿತ್ತು. ಸುತ್ತಲಿನ ತಗಡು ತಟ್ಟೆಯಂತೆ ತಗ್ಗಾಗಿ ನೀರು ಹಿಡಿದಿಡುತ್ತಿತ್ತು. ಅಡಿಯಲ್ಲಿರುವುದು ಬರೀ ಫೋಮ್, 0.5 ಮಿಮೀ ತಗಡಿಗೆ ಅಷ್ಟು ಬಿಗಿತ ತಡೆಯುವ ಆಸರೆ ಅದರಿಂದ ಸಿಗದು.

ಹಳೆಯ 5.5 ಮಿಮೀ ಸ್ಕ್ರೂ ತೆಗೆದು, ಅದೇ ತೂತಿಗೆ 6.3 ಮಿಮೀಯದು ಹಾಕಿದೆ. ತಲೆಯ ಕೆಳಗೂ ಥ್ರೆಡ್ ಇರುವ ಪ್ಯಾನೆಲ್ ಸ್ಕ್ರೂವೇ ಬೇಕು. ಮೇಲಿನ ತಗಡನ್ನು ಕುಸಿಯದಂತೆ ಹಿಡಿಯುವುದು ಆ ಥ್ರೆಡ್. ಉದ್ದ ಆರಿಸುವಾಗ ಪ್ಯಾನೆಲ್ 50, ಏಣು (ತಗಡಿನ ಉಬ್ಬಿದ ಸಾಲು) 30, ಪರ್ಲಿನ್ 2, ಮೊನೆಗೆ ಇನ್ನೊಂದು 20 ಮಿಮೀ ಲೆಕ್ಕ ಹಿಡಿಯಿರಿ. 100 ಮಿಮೀ ಸಾಲದು. ಏಣಿನ ಮೇಲೆ ಸ್ಯಾಡಲ್ ವಾಷರ್ (ಏಣಿನ ಆಕಾರಕ್ಕೆ ಬಾಗಿದ ಅಗಲ ವಾಷರ್) ಕೂರಿಸಿದರೆ ಹಳೆಯ ತಗ್ಗೂ ಮುಚ್ಚುತ್ತದೆ.

ಇಂಪ್ಯಾಕ್ಟ್ ಬೇಡ. ಡೆಪ್ತ್ ಸ್ಟಾಪ್ (ಇಟ್ಟ ಆಳಕ್ಕೆ ನಿಲ್ಲಿಸುವ ತಡೆ) ಇರುವ ಸ್ಕ್ರೂಗನ್ ಬಳಸಿ, ವಾಷರಿನ ರಬ್ಬರು ಅದರ ಲೋಹದ ಅಂಚಿಗೆ ಬಂದ ಕೂಡಲೇ ನಿಲ್ಲಿಸಿ. ಉದುರಿದ ಲೋಹದ ಚೂರುಗಳನ್ನು ಅಂದೇ ಗುಡಿಸಿ ತೆಗೆಯಿರಿ, ಬಿಟ್ಟರೆ ಪೇಂಟಿನ ಮೇಲೆ ತುಕ್ಕಿನ ಕಲೆ ಕೂರುತ್ತದೆ.