ಇಂಗ್ಲೆಂಡಲ್ಲಿ ಬಸಿರು ನಿಲ್ಲದೇ ಹೋದ್ರೆ: ಇಪಿಯು, ಪ್ರೊಜೆಸ್ಟೆರಾನ್, ಮತ್ತೆ ಊರಲ್ಲಿ ಆಗಿದ್ದನ್ನ ಇಲ್ಲಿ ಹೇಳೋದು

ಮೆಸೇಜ್ ಬರೋದು ಹೆಚ್ಚಾಗಿ ರಾತ್ರಿ ಹೊತ್ತು. "ಅಕ್ಕಾ, ಐದು ವಾರ ಆಗಿದೆ, ಸ್ಪಾಟಿಂಗ್ ಆಗ್ತಿದೆ, ಫೋನ್ ಮಾಡಿದ್ರೆ ವಾರ ಬಿಟ್ಟು ಟೆಸ್ಟ್ ಮಾಡ್ಕೊಳ್ಳಿ ಅಂದ್ರು ಅಷ್ಟೇ, ಅಮ್ಮ ನೋಡಿದ್ರೆ ಡುಫಾಸ್ಟಾನ್ ಕೊಡ್ಸು ಅಂತ ಒಂದೇ ಸಮ ಹೇಳ್ತಿದಾರೆ, ಏನ್ ಮಾಡ್ಲಿ?" (ಪ್ರೊಜೆಸ್ಟೆರಾನ್ ಅಂದ್ರೆ ಬಸಿರು ನಿಲ್ಲೋಕೆ ಬೇಕಾದ ಹಾರ್ಮೋನ್, ಡುಫಾಸ್ಟಾನ್ ಅದೇ ಥರ ಕೆಲಸ ಮಾಡೋ ಮಾತ್ರೆ.) ನಾನು ಡಾಕ್ಟರ್ ಅಲ್ಲ. ಎರಡು ಸಲ ಕಳ್ಕೊಂಡವಳು, ಒಂದು ಮೈಸೂರಲ್ಲಿ, ಇನ್ನೊಂದು ಇಲ್ಲಿ ಇಂಗ್ಲೆಂಡಲ್ಲಿ. ಆಗ ನಂಗೆ ಯಾರಾದ್ರೂ ಕನ್ನಡದಲ್ಲಿ ಕೂರಿಸಿ ಹೇಳಿದ್ರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೀತಿದೀನಿ.

ಮೊದಲು ಆ "ಕಾಯಿರಿ" ಅನ್ನೋ ಮಾತು. ಆರು ವಾರಕ್ಕಿಂತ ಮುಂಚೆ, ನೋವಿಲ್ಲದೆ ಬರೀ ಬ್ಲೀಡಿಂಗ್ ಆದ್ರೆ ಇಲ್ಲಿ ಸ್ಕ್ಯಾನ್ ಮಾಡಲ್ಲ, 7ರಿಂದ 10 ದಿನ ಬಿಟ್ಟು ಮನೇಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳ್ಳಿ, ಪಾಸಿಟಿವ್ ಇದ್ರೆ ಅಥವಾ ಬ್ಲೀಡಿಂಗ್ ನಿಲ್ಲದಿದ್ರೆ ವಾಪಸ್ ಬನ್ನಿ ಅಂತಾರೆ. ಅಷ್ಟು ಬೇಗ ಸ್ಕ್ಯಾನಲ್ಲಿ ಏನೂ ಸರಿಯಾಗಿ ಕಾಣಲ್ಲ ಅನ್ನೋದು ಕಾರಣ. ಆರು ವಾರ ದಾಟಿದ್ರೆ, ಅಥವಾ ನೋವಿದ್ರೆ, ಇಪಿಯು ಅಂತ ಹೇಳಿ, ಅಂದ್ರೆ ಅರ್ಲಿ ಪ್ರೆಗ್ನೆನ್ಸಿ ಯೂನಿಟ್. ಜಿಪಿ, ಅಂದ್ರೆ ನಾವು ರಿಜಿಸ್ಟರ್ ಆಗಿರೋ ಡಾಕ್ಟರ್, ಕಳಿಸ್ಬಹುದು, 111 ಅನ್ನೋ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ, ಕೆಲವು ಆಸ್ಪತ್ರೇಲಿ ನಾವೇ ನೇರ ಫೋನ್ ಮಾಡ್ಬಹುದು. ಪ್ಯಾಡ್ ಮೇಲೆ ಪ್ಯಾಡ್ ಒದ್ದೆ ಆಗ್ತಿದ್ರೆ, ತಲೆ ತಿರುಗಿ ಬೀಳೋ ಹಾಗಾದ್ರೆ, ಒಂದೇ ಪಕ್ಕ ಹೊಟ್ಟೆ ಜೋರಾಗಿ ನೋಯ್ತಿದ್ರೆ, ಭುಜದ ತುದೀಲಿ ನೋವು ಬಂದ್ರೆ ಇದ್ಯಾವುದಕ್ಕೂ ಕಾಯ್ಬೇಡಿ, ಸೀದಾ ಎ ಅಂಡ್ ಇ (ಆಸ್ಪತ್ರೆಯ ಎಮರ್ಜೆನ್ಸಿ) ಅಥವಾ 999 (ಆಂಬ್ಯುಲೆನ್ಸ್). ಭುಜದ ನೋವಿಗೂ ಬಸಿರಿಗೂ ಏನ್ ಸಂಬಂಧ ಅನ್ಸತ್ತೆ, ಆದ್ರೆ ಬಸಿರು ಟ್ಯೂಬಲ್ಲಿ ನಿಂತು ಒಳಗೆ ರಕ್ತ ಸೋರಿದ್ರೆ ಹಾಗಾಗತ್ತೆ.

ಇಪಿಯುನಲ್ಲಿ ನಂಗಾಗಿದ್ದು ಹೇಳ್ತೀನಿ. ಏಳು ವಾರ. ನರ್ಸ್ ಫಾರ್ಮ್ ತುಂಬ್ತಾ "ಮೊದಲನೇ ಪ್ರೆಗ್ನೆನ್ಸಿನಾ?" ಅಂದ್ರು, ನಾನು ಹೂಂ ಅನ್ನೋಕ್ ಹೋದೆ. ಯಾಕಂದ್ರೆ ಮೈಸೂರಿನದ್ದು ನಮ್ಮನೇಲಿ ಯಾರೂ ಎಣಿಕೆಗೆ ಇಟ್ಕೊಂಡಿರ್ಲಿಲ್ಲ, ಮೂರು ತಿಂಗಳು ತುಂಬೋವರೆಗೆ ಯಾರಿಗೂ ಹೇಳ್ಬೇಡ ಅಂದಿದ್ರು, ತುಂಬೋಕೆ ಮುಂಚೆ ಹೋಯ್ತು, ಆಮೇಲೆ ಹೇಳೋಕೇ ಏನೂ ಉಳೀಲಿಲ್ಲ. ಇಲ್ಲಿ ಜಿಪಿ ರಿಜಿಸ್ಟ್ರೇಷನ್ ಫಾರ್ಮಲ್ಲೂ ಬರೆದಿರ್ಲಿಲ್ಲ. ಹೂಂ ಅನ್ನೋ ಬದ್ಲು ಹೆಂಗೋ "ಇಲ್ಲ, ಇಂಡಿಯಾದಲ್ಲಿ ಒಂದು ಹೋಗಿದೆ" ಅಂದೆ. ನರ್ಸ್ ಪೆನ್ ನಿಲ್ಲಿಸಿ ತಲೆ ಎತ್ತಿ ನೋಡಿದ್ರು, "ಹಾಗಾದ್ರೆ ಪ್ರೊಜೆಸ್ಟೆರಾನ್ ಬಗ್ಗೆ ಮಾತಾಡ್ಬೇಕು" ಅಂದ್ರು.

ಈ ಒಂದು ವಿಷಯಕ್ಕೇ ನಾನು ಇಷ್ಟೆಲ್ಲ ಬರೀತಿರೋದು. ನೈಸ್ ಅನ್ನೋ ಸಂಸ್ಥೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಚಿಕಿತ್ಸೆಯ ಗೈಡ್‌ಲೈನ್ ಬರೆಯತ್ತೆ. 2021ರ ನವೆಂಬರಲ್ಲಿ ಅವ್ರು ಹೇಳಿದ್ದು: ಈಗ ಬ್ಲೀಡಿಂಗ್ ಇರ್ಬೇಕು, ಹಿಂದೆ ಒಂದಾದ್ರೂ ಮಿಸ್‌ಕ್ಯಾರೇಜ್ ಆಗಿರ್ಬೇಕು, ಬಸಿರು ಗರ್ಭಕೋಶದ ಒಳಗೇ ಇದೆ ಅಂತ ಸ್ಕ್ಯಾನಲ್ಲಿ ಕಂಡಿರ್ಬೇಕು, ಮೂರೂ ಇದ್ರೆ 400 ಮಿಲಿಗ್ರಾಂ ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ದಿನಕ್ಕೆರಡು ಸಲ ಕೊಡಿ, ಮಗೂನ ಹಾರ್ಟ್‌ಬೀಟ್ ಕಂಡ್ಮೇಲೆ 16 ವಾರ ತುಂಬೋವರೆಗೂ ಮುಂದುವರ್ಸಿ. ನುಂಗೋ ಮಾತ್ರೆ ಅಲ್ಲ, ಕೆಳಗೆ ಒಳಗಡೆ ಇಟ್ಕೊಳ್ಳೋದು. ಇಟ್ಕೊಂಡ್ಮೇಲೆ ಬಿಳೀ ಥರ ಕರಗಿ ಬರತ್ತೆ, ಗಾಬರಿ ಬೇಡ, ಪ್ಯಾಂಟಿ ಲೈನರ್ ಹಾಕ್ಕೊಳ್ಳಿ. ಊರಲ್ಲಿ ಆಗಿದ್ದೂ "ಹಿಂದೆ ಒಂದು" ಅನ್ನೋ ಲೆಕ್ಕಕ್ಕೆ ಬರತ್ತೆ, ಆದ್ರೆ ನೀವು ಬಾಯಿ ಬಿಟ್ಟು ಹೇಳದೆ ಇಲ್ಲಿನ ಕಂಪ್ಯೂಟರಿಗೆ ಅದು ಗೊತ್ತಾಗಲ್ಲ. ಅತ್ತೆಗೋ ಗಂಡಂಗೋ ಗೊತ್ತಿಲ್ಲದ ಹಳೇ ವಿಷಯ ಇದ್ರೆ ಒಬ್ಬಳೇ ಮಾತಾಡ್ಬೇಕು ಅಂತ ಕೇಳಿ, ಜೊತೆಗೆ ಬಂದವ್ರನ್ನ ಹೊರಗೆ ಕಳಿಸ್ತಾರೆ. ಇಂಗ್ಲಿಷ್ ತೊಡಕಾದ್ರೆ ಇಂಟರ್ಪ್ರಿಟರ್ ಕೇಳಿ, ದುಡ್ಡಿಲ್ಲ, ಮನೆಯವ್ರೇ ಭಾಷಾಂತರ ಮಾಡ್ಬೇಕು ಅಂತೇನಿಲ್ಲ.

ಮಾತು ಬಂದಾಗ ಇದೂ ಹೇಳ್ಬಿಡ್ತೀನಿ, ನಮ್ಮಲ್ಲಿ ತಾನಾಗೇ ಹೋದ್ರೂ ತೆಗೆಸಿದ್ರೂ ಗರ್ಭಪಾತ ಅಂದ್ಬಿಡ್ತೀವಿ, ಊರಿನ ಸ್ಕ್ಯಾನ್ ರಿಪೋರ್ಟಲ್ಲೂ "ಮಿಸ್ಡ್ ಅಬಾರ್ಷನ್" ಅಂತಿರತ್ತೆ. ಇಲ್ಲಿ ಅಬಾರ್ಷನ್ ಅಂದ್ರೆ ತೆಗೆಸಿದ್ದು ಅಂತಲೇ ಅರ್ಥ ಮಾಡ್ಕೊತಾರೆ. ಮಿಸ್‌ಕ್ಯಾರೇಜ್ ಅಂತಲೇ ಹೇಳಿ, ರಿಪೋರ್ಟಿದ್ರೆ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ.

ಮತ್ತೆ ಊರಲ್ಲಿ ಪ್ರೊಜೆಸ್ಟೆರಾನ್ ಎಲ್ರಿಗೂ ಕೊಡ್ತಾರಲ್ಲ, ಇಲ್ಲಿ ಯಾಕೆ ಇಷ್ಟು ಅಳೆದು ಸುರಿದು? ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯ ಅರಿ ಕೂಮರಸಾಮಿ ಅವ್ರ ತಂಡ ಪ್ರಿಸಂ ಅಂತ ದೊಡ್ಡ ಟ್ರಯಲ್ ಮಾಡಿ 2019ರಲ್ಲಿ ಫಲಿತಾಂಶ ಕೊಟ್ರು, ಬ್ಲೀಡಿಂಗ್ ಇದ್ದ 4153 ಹೆಂಗಸರು, ಅರ್ಧ ಜನಕ್ಕೆ ಪ್ರೊಜೆಸ್ಟೆರಾನ್, ಅರ್ಧ ಜನಕ್ಕೆ ಔಷಧಿ ಇಲ್ಲದ ಅದೇ ಥರದ ಮಾತ್ರೆ. ಒಟ್ಟಾರೆ ಮಗು ಹುಟ್ಟಿದ್ದು ಪ್ರೊಜೆಸ್ಟೆರಾನ್ ತಗೊಂಡವ್ರಲ್ಲಿ 75%, ತಗೊಳ್ಳದವ್ರಲ್ಲಿ 72%, ಖಾತ್ರಿಯಾಗಿ ವ್ಯತ್ಯಾಸ ಇದೆ ಅನ್ನೋಷ್ಟಿಲ್ಲ. ಹಿಂದೆ ಒಂದೂ ಹೋಗಿಲ್ಲದವ್ರಿಗೆ ಉಪಯೋಗವೇ ಕಾಣಲಿಲ್ಲ. ಆದ್ರೆ ಮೂರು ಅಥವಾ ಹೆಚ್ಚು ಸಲ ಹೋಗಿದ್ದವ್ರಲ್ಲಿ ತಗೊಂಡವ್ರಿಗೆ 72%, ತಗೊಳ್ಳದವ್ರಿಗೆ 57%. ಉಪಯೋಗ ಕಂಡಿದ್ದು ಹಿಂದೆ ಹೋಗಿದ್ದವ್ರಲ್ಲೇ, ಅದಕ್ಕೇ ಈ ನಿಯಮ. ಬ್ಲೀಡಿಂಗ್ ಇಲ್ಲದೆ, ಪದೇ ಪದೇ ಹೋಗಿದೆ ಅನ್ನೋ ಕಾರಣಕ್ಕೆ ಮಾತ್ರ ಮೊದಲಿಂದಲೇ ಕೊಟ್ಟು ನೋಡಿದ ಪ್ರಾಮಿಸ್ ಅನ್ನೋ ಟ್ರಯಲ್ (2015) ಕೂಡ ಗೆಲ್ಲಲಿಲ್ಲ. ಶುರುವಲ್ಲೇ ಹೋಗೋ ಬಸಿರಲ್ಲಿ ಸುಮಾರು ಅರ್ಧದಷ್ಟು ಕ್ರೋಮೋಸೋಮ್ ಸರಿಯಿಲ್ಲದೆ ಹೋಗೋದು, ಅದನ್ನ ಯಾವ ಹಾರ್ಮೋನೂ ಹಿಡಿದು ನಿಲ್ಸಲ್ಲ. ಪರಂಗಿ ಹಣ್ಣು ತಿಂದಿದ್ದಕ್ಕಲ್ಲ, ಬಸ್ ಹತ್ತಿದ್ದಕ್ಕಲ್ಲ, ಬೆಡ್ ರೆಸ್ಟ್ ಮಾಡದೇ ಇದ್ದಿದ್ದಕ್ಕೂ ಅಲ್ಲ.

ಊರಿಂದ ತರಿಸಿದ ಡುಫಾಸ್ಟಾನ್ ಸುಮ್ನೆ ಶುರು ಮಾಡ್ಬೇಡಿ, ಈಗಾಗ್ಲೇ ತಗೊಳ್ತಿದ್ರೆ ಮುಚ್ಚಿಡ್ದೆ ಇಪಿಯುಗೆ ಹೇಳಿ, ಬೈಯಲ್ಲ. ಮೂರೂ ಷರತ್ತು ಕೂಡಿಯೂ ಯಾರೂ ಪ್ರೊಜೆಸ್ಟೆರಾನ್ ಮಾತೆತ್ತದಿದ್ರೆ "ನೈಸ್ ಗೈಡ್‌ಲೈನ್ ಪ್ರಕಾರ ನಂಗೆ ಬರತ್ತಾ?" ಅಂತ ನೀವೇ ಕೇಳಿ. ಗೈಡ್‌ಲೈನ್ ಅನ್ನೋ ಪದಕ್ಕೆ ಇಲ್ಲಿ ತುಂಬಾ ತೂಕ ಇದೆ.

ನಂಗೆ ಕೊಟ್ರು. ಹತ್ತು ದಿನ ಒಂದೂ ತಪ್ಪಿಸ್ದೆ ಇಟ್ಕೊಂಡೆ. ಎರಡನೇ ಸ್ಕ್ಯಾನಲ್ಲಿ ಮಾಡ್ತಿದ್ದಾಕೆ ಮಾತು ನಿಲ್ಲಿಸಿ ಸ್ಕ್ರೀನ್ ತನ್ನ ಕಡೆ ತಿರುಗಿಸ್ಕೊಂಡಾಗಲೇ ಗೊತ್ತಾಯ್ತು. ಇನ್ನೊಬ್ರನ್ನ ಕರೆದು ನೋಡ್ಸಿದ್ರು, ಅದಿಲ್ಲಿ ಪದ್ಧತಿ. ಮಗು 7 ಮಿಲಿಮೀಟರಿಗಿಂತ ಚಿಕ್ಕದಿದ್ದು ಹಾರ್ಟ್‌ಬೀಟ್ ಕಾಣದಿದ್ರೆ ಹೋಯ್ತು ಅಂತ ಹೇಳಲ್ಲ, ಕಡೇಪಕ್ಷ ಏಳು ದಿನ ಬಿಟ್ಟು ಮತ್ತೆ ನೋಡ್ತಾರೆ. ಆ ವಾರ ಕಳೆಯೋದು ತುಂಬಾ ಕಷ್ಟ, ಆದ್ರೆ ಬದುಕಿರೋ ಬಸಿರನ್ನ ಹೋಯ್ತು ಅಂದ್ಬಿಡಬಾರ್ದು ಅಂತಲೇ ಆ ವಾರ ಇರೋದು.

ಆಮೇಲೆ ಮೂರು ದಾರಿ. ತಾನಾಗೇ ಆಗ್ಲಿ ಅಂತ 7ರಿಂದ 14 ದಿನ ಕಾಯೋದು, ಮಾತ್ರೆ ತಗೊಳ್ಳೋದು, ಇಲ್ಲಾ ಆಪರೇಷನ್. ಮೊದಲು ಕಾಯೋದನ್ನೇ ಹೇಳ್ತಾರೆ, ನಿಮಗೆ ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಾನು ಮಾತ್ರೆ ತಗೊಂಡೆ, ಮನೇಲೇ ಆಯ್ತು. ಪೀರಿಯಡ್ಸ್ ನೋವಿನ ಥರ ಅಂದಿದ್ರು, ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು, ನೋವಿನ ಮಾತ್ರೆ ಮೊದಲೇ ಕೇಳಿಟ್ಕೊಳ್ಳಿ, ಒಬ್ಬರೇ ಇರ್ಬೇಡಿ. ಮೂರು ವಾರ ಆದ್ಮೇಲೆ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಬೇಕು, ಪಾಸಿಟಿವ್ ಬಂದ್ರೆ ಇಪಿಯುಗೆ ಫೋನ್.

ಅಮ್ಮ ವಿಡಿಯೋ ಕಾಲಲ್ಲಿ ಮೆಣಸಿನ ಸಾರು ಹೇಳ್ಕೊಟ್ರು, ನಮ್ಮವ್ರು ನಿಂತು ಮಾಡಿದ್ರು, ಬೆಳ್ಳುಳ್ಳಿ ಜಾಸ್ತಿ ಆಗಿತ್ತು. ಬಸಿರು ಹೋದವಳಿಗೂ ಬಾಣಂತಿ ಥರಾನೇ ನೋಡ್ಕೊಬೇಕು ಅಂತಾರೆ ಅಮ್ಮ, ಬಿಸಿನೀರು, ತಲೆಗೆ ಎಣ್ಣೆ, ಎಲ್ಲ. ಎನ್‌ಎಚ್‌ಎಸ್‌ನಲ್ಲಿ ಅದೊಂದು ಸಿಗಲ್ಲ, ಅದನ್ನ ನಾವೇ ಒಬ್ರಿಗೊಬ್ರು ಮಾಡ್ಬೇಕು. ಕೆಲಸಕ್ಕೆ ಏಳು ದಿನದವರೆಗೆ ಡಾಕ್ಟರ್ ಚೀಟಿ ಬೇಡ, ಆಮೇಲೆ ಜಿಪಿ ಹತ್ರ ಫಿಟ್ ನೋಟ್. ಮಾತಾಡೋಕೆ ಮಿಸ್‌ಕ್ಯಾರೇಜ್ ಅಸೋಸಿಯೇಷನ್ ಇದೆ, ಟಾಮೀಸ್ ಅನ್ನೋ ಸಂಸ್ಥೇಲಿ ಮಿಡ್‌ವೈಫ್‌ಗಳೇ ಫೋನ್ ತಗೊಳ್ತಾರೆ. ಕಾರಣ ಹುಡುಕೋ ಟೆಸ್ಟುಗಳು ಸಾಮಾನ್ಯವಾಗಿ ಮೂರು ಸಲ ಹೋದ್ಮೇಲೇ, ಅಲ್ಲೂ ಊರಿಂದು ಲೆಕ್ಕಕ್ಕೆ ಸೇರಿಸಿ ಹೇಳಿ.

2024ರ ಫೆಬ್ರವರಿಯಿಂದ ಇಂಗ್ಲೆಂಡಲ್ಲಿ 24 ವಾರಕ್ಕೆ ಮುಂಚೆ ಹೋದ ಬಸಿರಿಗೆ ಬೇಬಿ ಲಾಸ್ ಸರ್ಟಿಫಿಕೇಟ್ ಕೊಡ್ತಾರೆ, ಫ್ರೀ, ಬೇಕಾದವ್ರು ಮಾತ್ರ ತಗೊಬಹುದು. ನಾನು ತಗೊಂಡೆ. ಮೈಸೂರಿನ ಆ ಸ್ಕ್ಯಾನ್ ರಿಪೋರ್ಟನ್ನೂ ಅಮ್ಮನ ಹತ್ರ ಹುಡುಕಿಸಿ ತರಿಸ್ಕೊಂಡೆ, ಎರಡೂ ಒಂದೇ ಫೈಲಲ್ಲಿವೆ.